ನಿಸರ್ಗ ಬರಹ (ಕನ್ನಡದಲ್ಲಿ)

ಗಿಡಮರ, ಹಕ್ಕಿ, ಕೀಟ, ಪ್ರಾಣಿಗಳ ಬದುಕನ್ನು ವಿಜ್ಞಾನ ಓದದವರಿಗೂ ತಿಳಿಯುವಂತೆ ಹೇಳುವ ಗದ್ಯಪ್ರಕಾರ. ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ 1918ರಲ್ಲಿ ಆರಂಭಿಸಿದ ‘ವಿಜ್ಞಾನ’ ಮಾಸಪತ್ರಿಕೆ ಅಲ್ಪಕಾಲ ನಡೆದರೂ ಇದಕ್ಕೆ ನೆಲ ಹದಮಾಡಿತು. ಶಿವರಾಮ ಕಾರಂತರ ‘ಬಾಲ ಪ್ರಪಂಚ’, ‘ವಿಜ್ಞಾನ ಪ್ರಪಂಚ’ ಸಂಪುಟಗಳು ಓದುಗರನ್ನು ಬೆಳೆಸಿದವು. ಪ್ರಕಾರಕ್ಕೆ ತನ್ನದೇ ದನಿ ಬಂದದ್ದು ಬಹುಶಃ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ (1976) ಮತ್ತು ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಕೃತಿಗಳಿಂದ.

ಈ ಬರಹಗಳ ಸರಳತೆಯನ್ನು ಎಲ್ಲರೂ ಮೆಚ್ಚುತ್ತಾರೆ. ಕಠಿಣವಾದದ್ದನ್ನು ಕೈಬಿಟ್ಟರೆ ಸರಳತೆ ತಾನಾಗಿ ಬರುತ್ತದೆಂಬ ನಂಬಿಕೆಯೂ ಜೊತೆಗೇ ಬೆಳೆದಿದೆ. ಕೃತಿಗಳು ಇದನ್ನು ಸಮರ್ಥಿಸುವುದಿಲ್ಲ. ‘ಹಸುರು ಹೊನ್ನು’ವಿನಲ್ಲಿ ಲ್ಯಾಟಿನ್ ಹೆಸರುಗಳಿವೆ, ಸಸ್ಯಕುಟುಂಬಗಳ ಲಕ್ಷಣಗಳಿವೆ, ಲೇಖಕರೇ ಬಿಡಿಸಿದ ರೇಖಾಚಿತ್ರಗಳಿವೆ. ಆದರೂ ಸಾಮಾನ್ಯ ಓದುಗ ದಣಿಯುವುದಿಲ್ಲ. ವಿದ್ಯಾರ್ಥಿಗಳ ಗುಂಪಿನೊಡನೆ ಕಾಡು ಸುತ್ತುತ್ತ ಅವನು ಗಿಡವನ್ನು ಕಾಣುತ್ತಾನೆ. ಶಾಸ್ತ್ರ ಆ ನೋಟಕ್ಕೆ ಅಂಟಿಕೊಂಡೇ ಬರುತ್ತದೆ. ತಿಳಿವಳಿಕೆ ಹೇಗೆ ದಕ್ಕಿತು ಎಂಬುದನ್ನು ತೋರಿಸಿದಾಗ ಕಠಿಣ ವಿಷಯವೂ ತಿಳಿಯಾಗುತ್ತದೆ.

ಹಾರುವ ಓತಿಯ ಉದಾಹರಣೆ ಇಲ್ಲಿ ತುಸು ವಿಸ್ತಾರವಾಗಿಯೇ ಬೇಕು. ಪಶ್ಚಿಮಘಟ್ಟದಲ್ಲಿರುವ ಪ್ರಭೇದ ಡ್ರ್ಯಾಕೊ ಡಸ್ಸುಮಿಯೇರಿ. ಅಡಿಕೆ ತೋಟಗಳಲ್ಲೂ ಕಾಣಸಿಗುತ್ತದೆ. ಇದರ ಕೆಲವು ಪಕ್ಕೆಲುಬುಗಳು ಮೈಯಿಂದಾಚೆಗೆ ಉದ್ದವಾಗಿ ಚಾಚಿಕೊಂಡು ಚರ್ಮದ ಪೊರೆಗೆ ಆಧಾರವಾಗುತ್ತವೆ. ಹಕ್ಕಿಯಂತೆ ರೆಕ್ಕೆ ಬಡಿಯಲಾರದು. ಎತ್ತರದಿಂದ ನೆಗೆದು, ಪೊರೆ ಬಿಚ್ಚಿ, ಇನ್ನೊಂದು ಮರದ ಕಾಂಡಕ್ಕೆ ತೇಲಿಹೋಗುತ್ತದೆ. ಹೆಣ್ಣು ಮೊಟ್ಟೆಯಿಡಲು ನೆಲಕ್ಕಿಳಿಯುತ್ತದೆ. ತೇಲುವಾಗ ಮುಂಗಾಲುಗಳ ಕೆಲಸವೇನೆಂಬುದು ಬಹುಕಾಲ ಗಮನಕ್ಕೆ ಬಂದಿರಲಿಲ್ಲ. ಇದೇ ಪ್ರಭೇದವನ್ನು ಗಮನಿಸಿದ ಮ್ಯಾಕ್ಸಿಮಿಲಿಯನ್ ಡೇಲಿಂಗ್, ಓತಿ ಮುಂಗಾಲುಗಳಿಂದ ಪೊರೆಯ ಮುಂದಂಚನ್ನು ಹಿಡಿದುಕೊಳ್ಳುತ್ತದೆಂದು 2017ರಲ್ಲಿ ವರದಿ ಮಾಡಿದರು. ಹೀಗೆ ಹಿಡಿಯುವುದರಿಂದ ಅದು ಪೊರೆಯನ್ನು ನಿಯಂತ್ರಿಸಿ ದಿಕ್ಕು ತಿದ್ದಿಕೊಳ್ಳುತ್ತಿರಬಹುದು. ಈ ಸಂಗತಿಯನ್ನು ಹೇಳಲು ವಾಯುಚಲನಶಾಸ್ತ್ರದ ಪರಿಭಾಷೆ ಬೇಕಿಲ್ಲ. ಮುಂಗಾಲು ಎಲ್ಲಿತ್ತು, ಆಮೇಲೆ ಎಲ್ಲಿಗೆ ಹೋಯಿತು ಎಂದು ಕ್ರಮವಾಗಿ ಹೇಳಿದರೆ ಸಾಕು.

ಕಥೆಯ ಹಾದಿ ಹಿಡಿದರೆ ನಿಜ ಕೆಡುತ್ತದೆಂಬ ಆಕ್ಷೇಪ ಹಗುರವಾದದ್ದಲ್ಲ. ‘ಕರ್ವಾಲೊ’ದಲ್ಲಿ ಹಾರುವ ಓತಿ ಯುಗಾಂತರಗಳ ಹಿಂದಿನ ವಿಸ್ಮಯವಾಗಿ ಬರುತ್ತದೆ, ಅದನ್ನೇ ನಂಬಿದ ಓದುಗ ತೋಟದಲ್ಲಿರುವ ಜೀವಿಯನ್ನು ತಪ್ಪಾಗಿ ತಿಳಿದಾನು. ಆದರೆ ಅದು ಕಾದಂಬರಿ, ಆ ಸ್ವಾತಂತ್ರ್ಯ ಅದಕ್ಕುಂಟು, ನಿಸರ್ಗ ಲೇಖನಕ್ಕಿಲ್ಲ. ಲೇಖನ ಕಾದಂಬರಿಯಿಂದ ಪಡೆಯಬೇಕಾದದ್ದು ಹಳ್ಳಿಗ ಮಂದಣ್ಣನ ಕಣ್ಣನ್ನೂ ವಿಜ್ಞಾನಿಯ ಓದನ್ನೂ ಸಮವಾಗಿ ಗೌರವಿಸುವ ಗುಣವನ್ನು. ಊರಿಂದೂರಿಗೆ ಬದಲಾಗುವ ಹೆಸರುಗಳಿಂದ ಗೊಂದಲವಾಗುತ್ತದೆಂಬ ಮಾತೂ ಇದೆ. ಊರ ಹೆಸರಿನ ಪಕ್ಕದಲ್ಲಿ ಒಮ್ಮೆ ಶಾಸ್ತ್ರೀಯ ಹೆಸರು ಕೊಟ್ಟರೆ ಅದು ನೀಗುತ್ತದೆ.

ಮುಂದಿನ ದಶಕಗಳಲ್ಲಿ ಕೃಷ್ಣಾನಂದ ಕಾಮತ್, ನಾಗೇಶ ಹೆಗಡೆ, ಕೃಪಾಕರ–ಸೇನಾನಿ ಮೊದಲಾದವರು ಈ ಪ್ರಕಾರವನ್ನು ವಿಸ್ತರಿಸಿದರು. ಕನ್ನಡದ ಮುಖ್ಯ ನಿಸರ್ಗ ಕೃತಿಗಳು ಹೆಚ್ಚಾಗಿ ಮಲೆನಾಡು ಮತ್ತು ಕಾಡಿನವು; ಕರಾವಳಿಯ ಕಡಲಜೀವಿಗಳಿಗೆ ಅವುಗಳಲ್ಲಿ ಸಿಕ್ಕ ಜಾಗ ಕಡಿಮೆ.