ಲಿಂಡಾ.ಕಾಮ್

ಲಿಂಡಾ.ಕಾಮ್ ಎಂಬುದು ಚಂದಾದಾರರಿಗೆ ವೃತ್ತಿಕೌಶಲಗಳನ್ನು ವೀಡಿಯೊ ಪಾಠಗಳ ಮೂಲಕ ಕಲಿಸುತ್ತಿದ್ದ ಅಮೆರಿಕದ ಅಂತರಜಾಲ ತಾಣ. ಲಿಂಡಾ ವೈನ್‌ಮನ್ ಮತ್ತು ಬ್ರೂಸ್ ಹೆವಿನ್ ದಂಪತಿ ಇದರ ಸ್ಥಾಪಕರು. 1995ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆರಂಭವಾದ ಈ ಸಂಸ್ಥೆಯನ್ನು 2015ರಲ್ಲಿ ಲಿಂಕ್ಡ್‌ಇನ್ ಕೊಂಡುಕೊಂಡಿತು. ಇದರ ಪಾಠಗಳು ಈಗ ‘ಲಿಂಕ್ಡ್‌ಇನ್ ಲರ್ನಿಂಗ್’ ಎಂಬ ಹೆಸರಿನಲ್ಲಿ ದೊರೆಯುತ್ತವೆ.

ಹಿನ್ನೆಲೆ

ವೈನ್‌ಮನ್ ಅವರು ಕಂಪ್ಯೂಟರ್ ವಿಜ್ಞಾನ ಓದಿದವರಲ್ಲ. ಮಾನವಿಕ ವಿಷಯಗಳ ಪದವೀಧರೆ. ಚಲನಚಿತ್ರಗಳ ಅನಿಮೇಷನ್ ಕೆಲಸದಲ್ಲಿದ್ದಾಗ ಕಂಪ್ಯೂಟರನ್ನು ಸ್ವತಃ ಕಲಿತು, ಬಳಿಕ ಪ್ಯಾಸಡೀನಾದ ಆರ್ಟ್ ಸೆಂಟರ್ ಕಾಲೇಜಿನಲ್ಲಿ ಬೋಧಿಸಿದರು. ಜಾಲತಾಣ ವಿನ್ಯಾಸವನ್ನು ಕಲಾವಿದರಿಗೆ ಅರ್ಥವಾಗುವಂತೆ ತಿಳಿಸುವ ಪುಸ್ತಕ ಸಿಗದಿದ್ದಾಗ ತಾವೇ ಒಂದನ್ನು ಬರೆದರು. 1996ರಲ್ಲಿ ಪ್ರಕಟವಾದ ‘ಡಿಸೈನಿಂಗ್ ವೆಬ್ ಗ್ರಾಫಿಕ್ಸ್’ ಅದೇ. ತಾಣವು ಮೊದಲಿಗೆ ವಿದ್ಯಾರ್ಥಿಗಳಿಗೆ ಮಾದರಿಗಳನ್ನು ತೋರಿಸುವ ಕರಿಹಲಗೆಯಂತಿತ್ತು. ದಂಪತಿ ಓಹಾಯ್ ಎಂಬ ಸಣ್ಣ ಊರಿನಲ್ಲಿ ತರಗತಿಗಳನ್ನೂ ನಡೆಸಿದರು.

ಚಂದಾ ಪದ್ಧತಿ

2001ರ ಹೊತ್ತಿಗೆ ಡಾಟ್‌ಕಾಮ್ ಉದ್ಯಮ ಕುಸಿಯಿತು. ಅದೇ ವರ್ಷದ ಸೆಪ್ಟೆಂಬರ್ ದಾಳಿಯ ನಂತರ ಜನ ಪ್ರಯಾಣಕ್ಕೆ ಹಿಂಜರಿದರು. ದೂರದಿಂದ ಬರುವವರನ್ನೇ ನಂಬಿದ್ದ ತರಗತಿಗಳಿಗೆ ಇದು ದೊಡ್ಡ ಪೆಟ್ಟಾಯಿತು. 2002ರಲ್ಲಿ ಪಾಠಗಳನ್ನು ಅಂತರಜಾಲಕ್ಕೆ ಏರಿಸಿ, ತಿಂಗಳಿಗೆ 25 ಡಾಲರ್ ಕೊಟ್ಟವರು ಎಲ್ಲವನ್ನೂ ಬೇಕಾದಷ್ಟು ಬಾರಿ ನೋಡಬಹುದೆಂಬ ಏರ್ಪಾಡು ಮಾಡಲಾಯಿತು. ಯೂಟ್ಯೂಬ್ ಇನ್ನೂ ಹುಟ್ಟಿರದ ಕಾಲವದು. ಹೊರಗಿನ ಬಂಡವಾಳವಿಲ್ಲದೆಯೇ ಬೆಳೆದ ಸಂಸ್ಥೆ ಮೊದಲ ಬಾರಿಗೆ ಹೂಡಿಕೆ ಪಡೆದದ್ದು 2013ರಲ್ಲಿ, ಮೊತ್ತ 10.3 ಕೋಟಿ ಡಾಲರ್.

ಬೋಧನಾ ಕ್ರಮ

ಪ್ರತಿ ವಿಷಯವನ್ನೂ ಕೆಲವೇ ನಿಮಿಷಗಳ ತುಣುಕುಗಳಾಗಿ ವಿಭಾಗಿಸಲಾಗುತ್ತಿತ್ತು. ಮಾತಿನ ಲಿಖಿತ ರೂಪ ವೀಡಿಯೊದ ಜೊತೆಗೇ ಸಿಗುತ್ತಿತ್ತು. ಅಭ್ಯಾಸದ ಕಡತಗಳನ್ನು ಇಳಿಸಿಕೊಂಡು ಬೋಧಕರೊಂದಿಗೆ ಕೆಲಸ ಮಾಡಬಹುದಾಗಿತ್ತು. ಪಾಠ ಹೇಳಿದವರಿಗೆ ಪುಸ್ತಕದ ಲೇಖಕರಿಗೆ ಸಲ್ಲುವಂತೆ ಗೌರವಧನ ಸಲ್ಲುತ್ತಿತ್ತು. ಮುಗಿಸಿದವರಿಗೆ ಪ್ರಮಾಣಪತ್ರವಿದ್ದರೂ ಅದು ವಿಶ್ವವಿದ್ಯಾಲಯದ ಪದವಿಗೆ ಸಮನಲ್ಲ. ಫೋಟೊಶಾಪ್‌ನಲ್ಲಿ ಎಲ್ಲೋ ಸಿಕ್ಕಿಕೊಂಡವನು ಬೇಕಾದ ನಾಲ್ಕು ನಿಮಿಷದ ಪಾಠ ನೋಡಿ ಕೆಲಸಕ್ಕೆ ಮರಳುವುದೇ ಇದರ ನಿಜವಾದ ಉಪಯೋಗವಾಗಿತ್ತು. ಆದರೆ ಕಲಿತವನ ತಪ್ಪನ್ನು ತಿದ್ದುವ ಗುರು ಇಲ್ಲಿರಲಿಲ್ಲ. ಈ ಬಗೆಯ ಕಲಿಕೆಯ ದೊಡ್ಡ ಕೊರತೆ ಇದೇ.

ಮಾರಾಟ

2015ರ ಏಪ್ರಿಲ್‌ನಲ್ಲಿ ಲಿಂಕ್ಡ್‌ಇನ್ ಇದನ್ನು ಸುಮಾರು 150 ಕೋಟಿ ಡಾಲರ್‌ಗೆ ಕೊಳ್ಳುವುದಾಗಿ ಪ್ರಕಟಿಸಿತು. 2016ರಲ್ಲಿ ಲಿಂಕ್ಡ್‌ಇನ್ ಮೈಕ್ರೋಸಾಫ್ಟ್‌ನ ವಶವಾಯಿತು. ಅದೇ ವರ್ಷ ಲಿಂಕ್ಡ್‌ಇನ್ ಲರ್ನಿಂಗ್ ಆರಂಭವಾಯಿತು.

ಗ್ರಂಥಾಲಯಗಳ ವಿವಾದ

ಅಮೆರಿಕದ ಅನೇಕ ಸಾರ್ವಜನಿಕ ಗ್ರಂಥಾಲಯಗಳು ತಾವೇ ಚಂದಾ ತೆತ್ತು ಓದುಗರಿಗೆ ಈ ಪಾಠಗಳನ್ನು ಉಚಿತವಾಗಿ ಒದಗಿಸುತ್ತಿದ್ದವು. ಗ್ರಂಥಾಲಯದ ಕಾರ್ಡಿನ ಸಂಖ್ಯೆ ಮತ್ತು ಗುಪ್ತ ಸಂಕೇತವಿದ್ದರೆ ಸಾಕಿತ್ತು. ಹಣವಿಲ್ಲದ ಉದ್ಯೋಗಾಕಾಂಕ್ಷಿಗೆ ಇದೇ ದಾರಿ. 2019ರಲ್ಲಿ ಸಂಸ್ಥೆಯು ಇಂಥ ಓದುಗರೂ ಲಿಂಕ್ಡ್‌ಇನ್‌ನಲ್ಲಿ ಖಾತೆ ತೆರೆಯಬೇಕೆಂಬ ಬದಲಾವಣೆಗೆ ಮುಂದಾಯಿತು. ಯಾರು ಏನನ್ನು ಓದುತ್ತಾರೆಂಬುದು ಹೊರಗಿನವರಿಗೆ ತಿಳಿಯಬಾರದೆಂಬುದು ಅಲ್ಲಿನ ಗ್ರಂಥಪಾಲಕರ ಹಳೆಯ ನಿಯಮ. ಲಿಂಕ್ಡ್‌ಇನ್ ಖಾತೆಯೆಂದರೆ ಹೆಸರು, ಮಿಂಚಂಚೆ ಒಪ್ಪಿಸಬೇಕು. 16 ವರ್ಷ ತುಂಬದವರಿಗೆ ಅಲ್ಲಿ ಸದಸ್ಯತ್ವವೂ ಇಲ್ಲ. ಅದೇ ಜುಲೈನಲ್ಲಿ ಅಮೆರಿಕನ್ ಲೈಬ್ರರಿ ಅಸೋಸಿಯೇಷನ್ ಇದನ್ನು ಬಹಿರಂಗವಾಗಿ ವಿರೋಧಿಸಿತು. ಕ್ಯಾಲಿಫೋರ್ನಿಯಾದ ರಾಜ್ಯ ಗ್ರಂಥಾಲಯವು ಈ ಸೇವೆಯನ್ನೇ ಕೈಬಿಡುವಂತೆ ತನ್ನ ವ್ಯಾಪ್ತಿಯ ಗ್ರಂಥಾಲಯಗಳಿಗೆ ಸಲಹೆ ನೀಡಿತು. ಕಂಪನಿಯು ಬದಲಾವಣೆಯನ್ನು ಮುಂದೂಡಿತು. ಕೊನೆಗೆ ಗ್ರಂಥಾಲಯದ ಓದುಗರು ಖಾತೆಯಿಲ್ಲದೆ ಕಾರ್ಡಿನ ಮೂಲಕವೇ ಪ್ರವೇಶಿಸುವ ವ್ಯವಸ್ಥೆ ಮಾಡಿತು. 2021ರಲ್ಲಿ ಲಿಂಡಾ.ಕಾಮ್ ಎಂಬ ವಿಳಾಸವು ಲಿಂಕ್ಡ್‌ಇನ್ ಲರ್ನಿಂಗ್‌ನಲ್ಲಿ ವಿಲೀನವಾಯಿತು.