ಇಸ್ಲಾಮಿಕ್ ಸಾಲ್ವೇಶನ್ ಫ್ರಂಟ್ (ಅಲ್ಜೀರಿಯ)

1989ರಲ್ಲಿ ಸ್ಥಾಪನೆಯಾದ ಇಸ್ಲಾಮ್‌ವಾದಿ ರಾಜಕೀಯ ಪಕ್ಷ. ಫ್ರೆಂಚ್ ಹೆಸರಿನ ಸಂಕ್ಷೇಪದಿಂದ ‘ಫಿಸ್’ ಎಂದೇ ಪರಿಚಿತ. ಮುಖಂಡರು ಅಬ್ಬಾಸಿ ಮದನಿ ಮತ್ತು ಅಲಿ ಬೆಲ್‌ಹಾಜ್. 1986ರ ತೈಲಬೆಲೆ ಕುಸಿತ, ನಿರುದ್ಯೋಗ, ಸ್ವಾತಂತ್ರ್ಯಾನಂತರದ ಏಕಪಕ್ಷ ಆಡಳಿತಗಳಿಂದ ಬೇಸತ್ತ ಯುವಜನರು 1988ರ ಅಕ್ಟೋಬರ್‌ನಲ್ಲಿ ಬೀದಿಗಿಳಿದಾಗ ಸೇನೆ ಗುಂಡು ಹಾರಿಸಿತು. ಆ ಆಕ್ರೋಶವನ್ನು ಫಿಸ್ ಮಸೀದಿಗಳ ಮೂಲಕ ಸಂಘಟಿಸಿತು. 1990ರ ಸ್ಥಳೀಯ ಚುನಾವಣೆಗಳನ್ನು ಗೆದ್ದು, 1991ರ ಡಿಸೆಂಬರ್ 26ರ ಸಂಸತ್ ಚುನಾವಣೆಯ ಮೊದಲ ಸುತ್ತಿನಲ್ಲಿ 188 ಸ್ಥಾನ ಪಡೆಯಿತು. 1992ರ ಜನವರಿಯಲ್ಲಿ ಸೇನೆಯ ಒತ್ತಡಕ್ಕೆ ಮಣಿದು ಅಧ್ಯಕ್ಷ ಶಾದ್ಲಿ ಬೆನ್‌ಜದೀದ್ ರಾಜೀನಾಮೆ ಕೊಟ್ಟರು. ಎರಡನೇ ಸುತ್ತು ರದ್ದಾಯಿತು. ಮಾರ್ಚ್‌ನಲ್ಲಿ ಪಕ್ಷವನ್ನು ನಿಷೇಧಿಸಿ, ಸಾವಿರಾರು ಕಾರ್ಯಕರ್ತರನ್ನು ಸಹಾರಾದ ಶಿಬಿರಗಳಲ್ಲಿ ಕೂಡಿಹಾಕಲಾಯಿತು.

ಮುಂದಿನ ಅಂತರ್ಯುದ್ಧಕ್ಕೆ ಧರ್ಮಶ್ರದ್ಧೆಯೊಂದೇ ಕಾರಣವೆನ್ನುವುದು ತಪ್ಪು. ಬೆಲ್‌ಹಾಜ್ ಪ್ರಜಾಪ್ರಭುತ್ವವನ್ನು ಬಹಿರಂಗವಾಗಿ ತಿರಸ್ಕರಿಸಿದ್ದು ನಿಜ. ಆದರೆ ಮತದಾನದ ದಾರಿ ಮುಚ್ಚಿದ್ದು, ವಿಚಾರಣೆಯಿಲ್ಲದ ಬಂಧನ, ಚಿತ್ರಹಿಂಸೆಗಳು ಚುನಾವಣೆಯನ್ನು ನಂಬಿದವರ ಮಾತಿನ ಬೆಲೆಯನ್ನೇ ಕಳೆದವು. ಬಂದೂಕನ್ನು ಮೊದಲಿಂದಲೂ ನೆಚ್ಚಿದ್ದವರು ಬಲಗೊಂಡರು. ಅವರ ಪೈಕಿ ಅತಿ ಕ್ರೂರವಾದ ಸಶಸ್ತ್ರ ಇಸ್ಲಾಮ್‌ವಾದಿ ಗುಂಪು ಜಿಐಎ ಪತ್ರಕರ್ತರು, ಶಿಕ್ಷಕರು, ವಿದೇಶಿಯರನ್ನಷ್ಟೇ ಅಲ್ಲ, ಫಿಸ್ ನಾಯಕರನ್ನೂ ಕೊಂದಿತು. 1997ರಲ್ಲಿ ರೈಸ್, ಬೆಂತಲ್ಹಾ ಗ್ರಾಮಗಳಲ್ಲಿ ಹಸುಗೂಸುಗಳನ್ನೂ ಬಿಡದೆ ನೂರಾರು ಜನರ ಕೊಲೆಯಾಯಿತು. ಸಮೀಪದಲ್ಲೇ ಇದ್ದ ಸೇನೆ ತಡೆಯಲಿಲ್ಲವೆಂಬ ಬದುಕುಳಿದವರ ಆರೋಪದ ಬಗ್ಗೆ ಸ್ವತಂತ್ರ ತನಿಖೆ ನಡೆಯಲೇ ಇಲ್ಲ. ಫಿಸ್‌ನ ಸಶಸ್ತ್ರ ಅಂಗ ಅದೇ ವರ್ಷ ಕದನವಿರಾಮ ಘೋಷಿಸಿತು. 1999ರಲ್ಲಿ ಅಧ್ಯಕ್ಷ ಬೂತಫ್ಲೀಕಾ ಕ್ಷಮಾದಾನದ ಕಾನೂನು ತಂದರು.