ಸ್ವನಿರ್ಮಿತ ವಿದ್ಯುತ್ ಸ್ಕೇಟ್‌ಬೋರ್ಡ್

ಉದ್ದ ಹಲಗೆಯ ಸ್ಕೇಟ್‌ಬೋರ್ಡಿಗೆ ಮೋಟರು, ಬ್ಯಾಟರಿ, ನಿಯಂತ್ರಕ, ಕೈಯಲ್ಲಿ ಹಿಡಿಯುವ ರಿಮೋಟು ಇಷ್ಟನ್ನೂ ಹವ್ಯಾಸಿಗಳೇ ಆರಿಸಿ ಜೋಡಿಸಿಕೊಳ್ಳುವ ಒಬ್ಬರ ವಾಹನ. ಕಾರ್ಖಾನೆಯ ಬೋರ್ಡಿನಲ್ಲಿ ಎಳೆತವೂ ಬ್ರೇಕಿನ ಬಿಗಿಯೂ ಮೊದಲೇ ಗೊತ್ತಾಗಿರುತ್ತವೆ. ಇಲ್ಲಿ ಅವು ಕಟ್ಟಿದವರ ಹೊಣೆ. ಇಂಥ ಬೋರ್ಡುಗಳನ್ನು ಗರಿಷ್ಠ ವೇಗದಿಂದ ಅಳೆಯುವುದು ರೂಢಿ. ಆದರೆ ಸವಾರರಿಗೆ ಹಿಡಿದುಕೊಳ್ಳಲು ಏನೂ ಇಲ್ಲದ ಈ ವಾಹನ ನಿಂತಲ್ಲಿಂದ ಹೇಗೆ ಹೊರಡುತ್ತದೆ, ಇಳಿಜಾರಿನಲ್ಲಿ ಹೇಗೆ ನಿಲ್ಲುತ್ತದೆ ಎಂಬುದೇ ಅದರ ಗುಣದ ಸರಿಯಾದ ಪರೀಕ್ಷೆ.

ಹಿನ್ನೆಲೆ

ಯಂತ್ರ ಕೂಡಿಸಿದ ಸ್ಕೇಟ್‌ಬೋರ್ಡುಗಳಲ್ಲಿ ಮೊದಲು ಹೆಸರಾದದ್ದು ವಿದ್ಯುತ್ತಿನದಲ್ಲ. 1975ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಮಾರುಕಟ್ಟೆಗೆ ಬಂದ ಮೋಟೋಬೋರ್ಡ್ ಪೆಟ್ರೋಲಿನಿಂದ ಓಡುತ್ತಿತ್ತು. 1990ರ ದಶಕದ ಕೊನೆಯಲ್ಲಿ ಅದೇ ರಾಜ್ಯದ ಲೂಯಿ ಫಿಂಕಲ್ ನಿಸ್ತಂತು ರಿಮೋಟಿನ ವಿದ್ಯುತ್ ಬೋರ್ಡನ್ನು ರೂಪಿಸಿದರು. ಸ್ಟ್ಯಾನ್‌ಫರ್ಡ್‌ನಲ್ಲಿ ಓದಿದ ಸಂಜಯ್ ದಸ್ತೂರ್ ಮತ್ತು ಇಬ್ಬರು ಗೆಳೆಯರು 2012ರಲ್ಲಿ ಕಿಕ್‌ಸ್ಟಾರ್ಟರ್ ಮೂಲಕ ಹಣ ಕೂಡಿಸಿ ಬೂಸ್ಟೆಡ್ ಬೋರ್ಡನ್ನು ತಂದರು. ಆ ಕಂಪನಿ 2020ರಲ್ಲಿ ಮುಚ್ಚಿದರೂ, ಮೋಟರಿನಿಂದಲೇ ನಯವಾಗಿ ಬ್ರೇಕ್ ಹಾಕಬಹುದೆಂದು ಬಹುಜನರಿಗೆ ತೋರಿಸಿಕೊಟ್ಟ ಬೋರ್ಡು ಅದು.

ಹವ್ಯಾಸಿಗಳ ದಾರಿ ಬೇರೆಯಾಗಿತ್ತು. ಅವರು ಮಾದರಿ ವಿಮಾನಗಳ ಬ್ರಶ್‌ರಹಿತ ಮೋಟರು, ಲಿಥಿಯಮ್ ಪಾಲಿಮರ್ ಬ್ಯಾಟರಿ, ವೇಗ ನಿಯಂತ್ರಕಗಳನ್ನು ಬಳಸಿದರು. ಮೋಟರು ಚೆನ್ನಾಗಿಯೇ ಹೊಂದಿಕೊಂಡಿತು, ನಿಯಂತ್ರಕ ಹೊಂದಲಿಲ್ಲ. ವಿಮಾನದ ಪಂಖಕ್ಕೆ ಹೊರಡುವಾಗ ಹೊರೆ ಇಲ್ಲವೇ ಇಲ್ಲವೆನ್ನಬೇಕು. ತಿರುಗುವ ವೇಗ ಏರಿದಂತೆ ಅದರ ಹೊರೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಬೋರ್ಡಿನದು ತಿರುವುಮುರುವು: ಮೇಲೆ ನಿಂತ ಮನುಷ್ಯನ ತೂಕವನ್ನು ನಿಶ್ಚಲ ಸ್ಥಿತಿಯಿಂದ ಎಳೆಯಬೇಕಾದಾಗಲೇ ಮೋಟರಿಗೆ ಅತಿ ಹೆಚ್ಚು ಶ್ರಮ. ಜೊತೆಗೆ ಆ ನಿಯಂತ್ರಕಗಳಿಗೆ ತಿಳಿದಿದ್ದುದು ಮೋಟರಿಗೆ ಎಷ್ಟು ವೋಲ್ಟೇಜು ಕೊಡಬೇಕು ಎಂಬುದಷ್ಟೇ. ಬೆರಳು ತುಸು ಜಾರಿದರೂ ಬೋರ್ಡು ಜಗ್ಗುತ್ತಿತ್ತು, ಬ್ರೇಕು ಥಟ್ಟನೆ ಕಚ್ಚುತ್ತಿತ್ತು.

ವೆಸ್ಕ್ ಮತ್ತು ಎರಡು ಕರೆಂಟುಗಳು

ಸ್ವೀಡನ್ನಿನ ಎಂಜಿನಿಯರ್ ಬೆಂಜಮಿನ್ ವೆಡರ್ 2015ರಲ್ಲಿ ವೆಸ್ಕ್ ಎಂಬ ನಿಯಂತ್ರಕದ ನಕ್ಷೆಯನ್ನೂ ತಂತ್ರಾಂಶವನ್ನೂ ಎಲ್ಲರಿಗೂ ಮುಕ್ತವಾಗಿ ಕೊಟ್ಟರು. ಈ ಹವ್ಯಾಸದ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ತಿರುವನ್ನು ಹೆಸರಿಸುವುದು ಕಷ್ಟ. ಇದರಲ್ಲಿ ರಿಮೋಟಿನ ಬೆರಳು ಕೇಳುವುದು ವೋಲ್ಟೇಜನ್ನಲ್ಲ, ಕರೆಂಟನ್ನು. ಮೋಟರಿನ ತಿರುಚುಬಲ ಅದರ ಕರೆಂಟಿಗೆ ನೇರ ಅನುಪಾತದಲ್ಲಿರುವುದರಿಂದ, ಬೆರಳು ಒತ್ತಿದಷ್ಟೇ ಎಳೆತ ಪಾದಕ್ಕೆ ತಿಳಿಯುತ್ತದೆ. ಹಿಂದಕ್ಕೆ ಎಳೆದರೆ ಅಷ್ಟೇ ಅಳತೆಯ ಬ್ರೇಕು.

ಹೊಂದಾಣಿಕೆಯ ಬಹುಪಾಲು ತಪ್ಪುಗಳು ಮೋಟರಿನ ಕರೆಂಟು ಮತ್ತು ಬ್ಯಾಟರಿಯ ಕರೆಂಟು ಒಂದೇ ಎಂದು ಭಾವಿಸುವುದರಿಂದ ಹುಟ್ಟುತ್ತವೆ. ನಿಯಂತ್ರಕವು ಬ್ಯಾಟರಿಯ ವೋಲ್ಟೇಜಿನ ಎಷ್ಟು ಭಾಗವನ್ನು ಮೋಟರಿಗೆ ಬಿಡುತ್ತದೆಯೋ ಅದಕ್ಕೆ ಡ್ಯೂಟಿ ಎನ್ನುತ್ತಾರೆ. ಬ್ಯಾಟರಿಯಿಂದ ಹೊರಡುವ ಕರೆಂಟು ಸುಮಾರಾಗಿ ಮೋಟರಿನ ಕರೆಂಟನ್ನು ಡ್ಯೂಟಿಯಿಂದ ಗುಣಿಸಿದಷ್ಟು. ಶೇ. 20 ಡ್ಯೂಟಿಯಲ್ಲಿ ಮೋಟರಿನ ತಂತಿಸುರುಳಿಗಳಲ್ಲಿ 60 ಆಂಪಿಯರ್ ಹರಿಯುತ್ತಿದ್ದರೆ ಬ್ಯಾಟರಿ ಕೊಡುತ್ತಿರುವುದು 12 ಆಂಪಿಯರ್ ಮಾತ್ರ, ಶೇ. 90ಕ್ಕೆ ಏರಿದರೆ ಅದೇ ಎಳೆತಕ್ಕೆ 54 ಆಂಪಿಯರ್ ಬೇಕು. ಆದ್ದರಿಂದ ಮೋಟರ್ ಮಿತಿಯು ಹೊರಡುವಾಗಿನ ಕಸುವನ್ನು ತೀರ್ಮಾನಿಸುತ್ತದೆ, ಬ್ಯಾಟರಿ ಮಿತಿಯು ವೇಗದಲ್ಲಿರುವಾಗಿನ ಕಸುವನ್ನು.

ಎರಡು ಮೋಟರಿನ ಬೋರ್ಡಿನಲ್ಲಿ ಎರಡು ನಿಯಂತ್ರಕಗಳಿದ್ದು, ಬ್ಯಾಟರಿ ಮಿತಿಯನ್ನು ಒಂದೊಂದಕ್ಕೂ ಪ್ರತ್ಯೇಕವಾಗಿ ಕೊಡಬೇಕು. ಬ್ಯಾಟರಿಯ ಒಟ್ಟು ಸಾಮರ್ಥ್ಯ 60 ಆಂಪಿಯರ್ ಆಗಿದ್ದರೆ ಒಂದೊಂದರ ಪಾಲು 30ನ್ನು ಮೀರಬಾರದು. 25 ಇಟ್ಟರೆ ಇನ್ನೂ ಕ್ಷೇಮ. ಬ್ರೇಕ್ ಹಾಕಿದಾಗ ಬ್ಯಾಟರಿಗೆ ಮರಳುವ ಕರೆಂಟಿಗೂ ಇದೇ ಲೆಕ್ಕ. ಬ್ಯಾಟರಿಯ ಒಂದು ಕೋಶದ ಮರುಭರ್ತಿ ಮಿತಿ 4 ಆಂಪಿಯರ್, ಸಮಾಂತರದಲ್ಲಿ ನಾಲ್ಕು ಕೋಶ ಎಂದಾದರೆ ಒಟ್ಟು 16, ನಿಯಂತ್ರಕವೊಂದಕ್ಕೆ 8.

ಮೋಟರು ಮತ್ತು ಹಲ್ಲುಚಕ್ರ

ಹೆಚ್ಚು ಬಳಕೆಯಲ್ಲಿರುವುದು 6374 ಎಂದು ಕರೆಯುವ, 63 ಮಿ.ಮೀ. ವ್ಯಾಸ, 74 ಮಿ.ಮೀ. ಉದ್ದದ ಹೊರಕವಚ ತಿರುಗುವ ಮೋಟರು. 190 ಕೆವಿ ಎಂದರೆ ಹೊರೆಯಿಲ್ಲದಾಗ ವೋಲ್ಟೊಂದಕ್ಕೆ ನಿಮಿಷಕ್ಕೆ 190 ಸುತ್ತು. ಹತ್ತು ಕೋಶಗಳ ಸರಣಿ ಪೂರ್ತಿ ತುಂಬಿದಾಗ 42 ವೋಲ್ಟ್, ಸುತ್ತು 7980. ಮೋಟರಿನೊಳಗೆ ಏಳು ಜೋಡಿ ಧ್ರುವಗಳಿರುವುದರಿಂದ ವಿದ್ಯುತ್ ಸುತ್ತುಗಳ ಲೆಕ್ಕ ಅದರ ಏಳರಷ್ಟು, 55,860. ವೆಸ್ಕಿನ ಮೊದಲ ತಲೆಮಾರಿಗೆ ವಿಧಿಸಿದ್ದ ಮಿತಿ 60,000. ಹನ್ನೆರಡು ಕೋಶಗಳ 50.4 ವೋಲ್ಟಿನಲ್ಲಿ ಇದೇ ಮೋಟರು ಆ ಮಿತಿಯನ್ನು ದಾಟಿಬಿಡುತ್ತದೆ. ಹತ್ತು ಕೋಶಗಳ ಜೋಡಣೆ ಅಷ್ಟು ಜನಪ್ರಿಯವಾಗಲು ಈ ಲೆಕ್ಕವೂ ಒಂದು ಕಾರಣವಿರಬೇಕು.

ಮೋಟರಿಗೆ 16, ಚಕ್ರಕ್ಕೆ 36 ಹಲ್ಲಿನ ಪುಲ್ಲಿ ಹಾಕಿ 5 ಮಿ.ಮೀ. ಅಂತರದ ಹಲ್ಲಿನ ಬೆಲ್ಟಿನಿಂದ ಕೂಡಿಸಿದರೆ ಅನುಪಾತ 2.25. 90 ಮಿ.ಮೀ. ಚಕ್ರಕ್ಕೆ ಅದೇ ಹತ್ತು ಕೋಶಗಳ ಸರಾಸರಿ 36 ವೋಲ್ಟಿನಲ್ಲಿ ಸೈದ್ಧಾಂತಿಕ ವೇಗ ಗಂಟೆಗೆ ಸುಮಾರು 52 ಕಿ.ಮೀ.; ರಸ್ತೆಯಲ್ಲಿ ಗಾಳಿಯ ತಡೆಯಿಂದ ಅದು ಸಾಕಷ್ಟು ಇಳಿಯುತ್ತದೆ. ಮೋಟರಿನ ಹಲ್ಲು ಕಡಿಮೆ ಮಾಡಿದರೆ ವೇಗ ತಗ್ಗಿ ಎಳೆತವೂ ಬ್ರೇಕೂ ಹೆಚ್ಚುತ್ತವೆ. ದಿಣ್ಣೆಗಳ ಊರಿನಲ್ಲಿ ಅದೇ ಮೇಲು.

ಬ್ಯಾಟರಿ

18650 ಅಳತೆಯ ಲಿಥಿಯಮ್ ಅಯಾನ್ ಕೋಶಗಳನ್ನು ನಿಕಲ್ ಪಟ್ಟಿಯಿಂದ ಸ್ಪಾಟ್ ವೆಲ್ಡ್ ಮಾಡಿ ಕಟ್ಟುತ್ತಾರೆ. ಕೋಶಕ್ಕೆ ನೇರವಾಗಿ ಬೆಸುಗೆ ಹಾಕಬಾರದು, ಬಿಸಿಯಿಂದ ಕೋಶ ಕೆಡುತ್ತದೆ. ಹಲಗೆ ಬಾಗುವಂಥದ್ದಾದರೆ ಗುಂಪುಗಳ ನಡುವೆ ಗಟ್ಟಿ ಪಟ್ಟಿಯ ಬದಲು ಹೆಣೆದ ತಾಮ್ರದ ತಂತಿ ಬೇಕು. ಪದೇ ಪದೇ ಬಾಗಿದ ನಿಕಲ್ ಪಟ್ಟಿ ಸೀಳುತ್ತದೆ, ಸೀಳಿದಲ್ಲಿ ಕಿಡಿ ಹುಟ್ಟುತ್ತದೆ. ಧನ ತುದಿಗಳ ಮೇಲೆ ನಿರೋಧಕ ಕಾಗದದ ಉಂಗುರ ಕಡ್ಡಾಯ.

ಬ್ಯಾಟರಿ ಕಾವಲು ಮಂಡಲವಾದ ಬಿಎಂಎಸ್ ಬಗ್ಗೆ ಕಟ್ಟುವವರಲ್ಲಿ ಭಿನ್ನಾಭಿಪ್ರಾಯವಿದೆ. ಪೂರ್ತಿ ತುಂಬಿದ ಬ್ಯಾಟರಿಯೊಂದಿಗೆ ಇಳಿಜಾರಿನಲ್ಲಿ ಬ್ರೇಕ್ ಹಾಕಿದಾಗ ಅತಿಭರ್ತಿಯೆಂದು ಅದು ಸಂಪರ್ಕ ಕಡಿದರೆ, ಬ್ರೇಕು ಮಾಯವಾಗುವುದಲ್ಲದೆ ವೋಲ್ಟೇಜು ಚಿಮ್ಮಿ ನಿಯಂತ್ರಕವೂ ಸುಡಬಹುದು. ಹಾಗಾಗಿ ಅನೇಕರು ಅದನ್ನು ಚಾರ್ಜಿಂಗಿಗೆ ಮಾತ್ರ ಬಳಸಿ, ಬರಿದಾಗುವ ಕಾವಲನ್ನು ನಿಯಂತ್ರಕಕ್ಕೆ ಒಪ್ಪಿಸುತ್ತಾರೆ: ಹತ್ತು ಕೋಶಕ್ಕೆ 34 ವೋಲ್ಟಿನಿಂದ ಕಸುವು ತಗ್ಗತೊಡಗಿ 31ರಲ್ಲಿ ನಿಲ್ಲುವಂತೆ. ಗುಡ್ಡದ ಮೇಲೆ ಮನೆಯಿರುವವರು ಶೇ. 90ಕ್ಕೇ ಚಾರ್ಜು ನಿಲ್ಲಿಸುವುದು ವಿವೇಕ.

ಹದಗೊಳಿಸುವಿಕೆ

ವೆಸ್ಕ್ ಟೂಲ್ ತಂತ್ರಾಂಶ ಮೊದಲಿಗೆ ಮೋಟರಿನ ರೋಧ, ಪ್ರೇರಕತ್ವ, ಕಾಂತೀಯ ಹರಿವುಗಳನ್ನು ತಾನೇ ಅಳೆಯುತ್ತದೆ. ಆಗ ಚಕ್ರ ನೆಲಕ್ಕೆ ತಾಗಿರಬಾರದು. ಎರಡೂ ಮೋಟರಿನ ಅಂಕಿಗಳು ಹತ್ತಿರ ಹತ್ತಿರ ಬರಬೇಕು. ದೂರವಾದರೆ ಸಡಿಲ ಕನೆಕ್ಟರನ್ನು ಮೊದಲು ಅನುಮಾನಿಸಬೇಕು. ತಿರುಗುವ ಭಾಗದ ಸ್ಥಾನವನ್ನು ಅರಿಯುವ ಹಾಲ್ ಸಂವೇದಕವಿಲ್ಲದ ಮೋಟರು ನಿಂತಲ್ಲಿಂದ ಹೊರಡುವಾಗ ಮುಗ್ಗರಿಸುತ್ತದೆ. ಕಾಲಿನಿಂದ ಒಮ್ಮೆ ತಳ್ಳಿದರೆ ಸರಿಹೋಗುತ್ತದೆ.

ಮುಂದೆ ಬೆರಳಿನ ಪ್ರತಿಕ್ರಿಯೆ. ಆರಂಭದಲ್ಲಿ ಮೆಲ್ಲಗೆ, ಆಮೇಲೆ ಚುರುಕಾಗಿ ಏರುವ ವಕ್ರರೇಖೆ ಹೊಸಬರಿಗೆ ಒಪ್ಪುತ್ತದೆ. ಏರಿಕೆಯ ಕಾಲವನ್ನು ಅರ್ಧ ಸೆಕೆಂಡಿನ ಆಸುಪಾಸಿನಲ್ಲಿಟ್ಟು, ನಿರ್ಜನ ರಸ್ತೆಯಲ್ಲಿ ಓಡಿಸಿ, ಒಂದು ಸಲಕ್ಕೆ ಒಂದೇ ಅಂಕಿಯನ್ನು ಬದಲಿಸಬೇಕು. ಬ್ರೇಕನ್ನು ಮೊದಲು ಹದಗೊಳಿಸಿ, ಎಳೆತವನ್ನು ಅನಂತರ ಹೆಚ್ಚಿಸುವ ಕ್ರಮವೇ ಸರಿ. ರಿಮೋಟಿನ ಸಂಕೇತ ಕಡಿದಾಗ ಬೋರ್ಡು ಏನು ಮಾಡುತ್ತದೆಂಬುದನ್ನು ಚಕ್ರ ಎತ್ತಿಟ್ಟು, ರಿಮೋಟನ್ನು ಆರಿಸಿ ಖಚಿತಪಡಿಸಿಕೊಳ್ಳಬೇಕು.

ವೇಗದಲ್ಲಿ ಬೋರ್ಡು ಓಲಾಡುವುದು ವಿದ್ಯುತ್ತಿನ ದೋಷವಲ್ಲ. ಚಕ್ರಗಳ ಅಚ್ಚನ್ನು ಹಲಗೆಗೆ ಕೂಡಿಸುವ ಟ್ರಕ್ಕಿನ ರಬ್ಬರ್ ಬುಶ್ಶು ಸವಾರರ ತೂಕಕ್ಕೆ ಮೆತ್ತಗಾಗಿದೆ ಎಂಬುದರ ಸೂಚನೆ ಅದು. ಮುಂಗಾಲಿನ ಮೇಲೆ ಭಾರ ಹಾಕಿದರೂ ಕಡಿಮೆಯಾಗುತ್ತದೆ.

ಕಾನೂನು

ಕ್ಯಾಲಿಫೋರ್ನಿಯ 2016ರಿಂದ ವಿದ್ಯುತ್ ಬೋರ್ಡುಗಳಿಗೆ ರಸ್ತೆಯಲ್ಲಿ ಅನುಮತಿ ಕೊಟ್ಟಿದೆ: ಸವಾರರಿಗೆ 16 ವರ್ಷ ತುಂಬಿರಬೇಕು, ಹೆಲ್ಮೆಟ್ ಇರಬೇಕು, ಮೋಟರಿನ ಸರಾಸರಿ ಸಾಮರ್ಥ್ಯ 1000 ವ್ಯಾಟಿಗಿಂತ ಕಡಿಮೆಯಿರಬೇಕು. ಜರ್ಮನಿಯ 2019ರ ನಿಯಮವು ಹಿಡಿಗೂಟವಿರುವ ಸಣ್ಣ ವಾಹನಗಳನ್ನು ಮಾತ್ರ ಒಪ್ಪುವುದರಿಂದ ಅಲ್ಲಿ ಇವು ಖಾಸಗಿ ಜಾಗಕ್ಕಷ್ಟೇ ಸೀಮಿತ.